ರೀಲಿನ ಮೇಲಿನ ಇಸವಿ, ರೀಲಿನ ವಯಸ್ಸು

ಕೇಳುಗರೆ, ನಮಸ್ಕಾರ.

ಗಾಳದ ಕೋಲಿಗೆ ಬಿಗಿದು ದಾರ ಸುತ್ತುವ ಪುಟ್ಟ ಯಂತ್ರವನ್ನು ನಾವು ರೀಲು ಎನ್ನುತ್ತೇವೆ. ಹಳೆಯ ಪೆಟ್ಟಿಗೆಯಲ್ಲೋ ಹರಾಜಿನ ರಾಶಿಯಲ್ಲೋ ಇಂಥದ್ದೊಂದು ಕೈಗೆ ಸಿಕ್ಕಾಗ ಮೊದಲು ಏಳುವ ಪ್ರಶ್ನೆ, ಇದು ಎಷ್ಟು ಹಳೆಯದು ಎಂಬುದು. ಹೊಸದಾಗಿ ಸಂಗ್ರಹಕ್ಕೆ ತೊಡಗಿದವರು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಎಲ್ಲಾದರೂ ಒಂದು ಇಸವಿ ಕಂಡೊಡನೆ ಅದನ್ನೇ ರೀಲು ಹುಟ್ಟಿದ ವರ್ಷವೆಂದು ಬರೆದಿಟ್ಟುಕೊಳ್ಳುತ್ತಾರೆ. ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು. ರೀಲಿನ ಮೇಲೆ ಕೆತ್ತಿದ ಇಸವಿ ಅದು ತಯಾರಾದ ಇಸವಿಯಲ್ಲ. ರೀಲಿನ ಮೂಲ ಭಾಗಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ, ಅದು ಹೇಳುವುದೇ ರೀಲಿನ ವಯಸ್ಸು.

ಅಮೆರಿಕದ ಹಳೆಯ ರೀಲುಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಪೇಟೆಂಟ್ ಸಿಕ್ಕಿದ ದಿನಾಂಕ. ವರ್ಮಾಂಟಿನ ಚಾರ್ಲ್ಸ್ ಆರ್ವಿಸ್ ಅವರಿಗೆ, ಪಕ್ಕದ ತಟ್ಟೆಗಳಲ್ಲಿ ಸಾಲಾಗಿ ರಂಧ್ರ ಕೊರೆದ ಹಗುರವಾದ ರೀಲಿಗಾಗಿ 1874ರಲ್ಲಿ ಪೇಟೆಂಟ್ ದೊರೆಯಿತು. ಆ ಮಾದರಿ ಆಮೇಲೂ ಬಹುಕಾಲ ತಯಾರಾಗುತ್ತಲೇ ಇತ್ತು. ಆದ್ದರಿಂದ ಅದರ ಮೇಲೆ 1874 ಎಂದಿದ್ದರೆ, ಅದಕ್ಕಿಂತ ಮೊದಲು ಆ ರೀಲು ಇರಲು ಸಾಧ್ಯವಿಲ್ಲ ಎಂದಷ್ಟೇ ಅರ್ಥ. ಒಂದಕ್ಕಿಂತ ಹೆಚ್ಚು ಪೇಟೆಂಟ್ ದಿನಾಂಕಗಳಿದ್ದರೆ ಕೊನೆಯದನ್ನು ಹಿಡಿಯಿರಿ, ಮೊದಲನೆಯದನ್ನಲ್ಲ. ಇದನ್ನು ನಾನು ಎಷ್ಟು ಬಾರಿ ಹೇಳಿದರೂ ಜನ ಮೊದಲನೆಯದನ್ನೇ ಹಿಡಿಯುತ್ತಾರೆ, ಹಳೆಯದೆಂಬ ಆಸೆ ಅಷ್ಟು ಬಲವಾದದ್ದು.

ಈ ಇಸವಿಯ ಭ್ರಮೆ ಏನೆಲ್ಲ ಮಾಡಬಹುದು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ರಟ್ಟಿನ ಪೆಟ್ಟಿಗೆಯೊಂದನ್ನು ಹಿಡಿದು ನನ್ನಲ್ಲಿಗೆ ಬಂದರು. ಒಳಗೆ ಮುಷ್ಟಿಗಾತ್ರದ ಒಂದು ರೀಲು. ಅದು ನಿಮ್ಮ ಅಪ್ಪನದು ಎಂದು ಅವರ ತಾಯಿ ಕೊನೆಯವರೆಗೂ ಹೇಳುತ್ತಿದ್ದರಂತೆ. ಆದರೆ ತಂದೆ ತೀರಿಕೊಂಡದ್ದು 1958ರಲ್ಲಿ, ರೀಲಿನ ಮೇಲೆ ಕೆತ್ತಿರುವುದು 1964. ವಯಸ್ಸಾದ ತಾಯಿಗೆ ಮರೆವು ಬಂದಿತ್ತು, ಯಾರದೋ ರೀಲು ಮನೆಯಲ್ಲಿ ಉಳಿದುಹೋಗಿದೆ ಎಂದು ಅಣ್ಣತಮ್ಮಂದಿರೆಲ್ಲ ಸೇರಿ ತೀರ್ಮಾನಿಸಿ, ಅದನ್ನು ಮಾರಿಬಿಡುವುದೆಂದು ಮಾತಾಗಿತ್ತು. ಅವರು ನನ್ನನ್ನು ಕೇಳಿದ್ದು ವಯಸ್ಸನ್ನಲ್ಲ, ಬೆಲೆಯನ್ನು.

ನಾನು ಬೆಲೆ ಹೇಳಲಿಲ್ಲ. ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟು, ಪಕ್ಕದ ತಟ್ಟೆಯ ಮೇಲಿನ ಬರಹವನ್ನು ಅವರಿಂದಲೇ ಓದಿಸಿದೆ. ಶೇಕ್ಸ್‌ಪಿಯರ್, ಮರ್‌ಹಾಫ್, 1964, ಆಮೇಲೆ ಮಾಡೆಲ್ ಎಂಬ ಪದ, ಅದರ ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರಗಳು. ಶೇಕ್ಸ್‌ಪಿಯರ್ ಎಂಬುದು ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಎಂಬಲ್ಲಿ 1897ರಲ್ಲಿ ಆರಂಭವಾದ ಕಂಪನಿ, ಮರ್‌ಹಾಫ್ ಎಂಬುದು ಅದರ ಒಂದು ರೀಲಿನ ಹೆಸರು. ಸ್ಥಾಪಕರ ಹೆಸರೂ ವಿಲಿಯಂ ಶೇಕ್ಸ್‌ಪಿಯರ್ ಎಂದೇ. ಅವರ ರೀಲುಗಳಲ್ಲಿ ನಾಲ್ಕಂಕಿಯ ಸಂಖ್ಯೆ ಇಸವಿಯಲ್ಲ, ಅದು ಕ್ಯಾಟಲಾಗಿನ ಸಂಖ್ಯೆ. ಇಸವಿ ಅಡಗಿರುವುದು ಆ ಎರಡು ಅಕ್ಷರಗಳಲ್ಲಿ. ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿಯನ್ನು ಗೊತ್ತುಮಾಡಿಕೊಂಡು, ಆ ರೂಪದ ರೀಲು ಸಿದ್ಧವಾದ ವರ್ಷದ ಕೊನೆಯ ಎರಡು ಅಂಕಿಗಳನ್ನು ಅಕ್ಷರಗಳಲ್ಲಿ ಬರೆಯುತ್ತಿದ್ದರು. ಸಂಗ್ರಾಹಕರು ಇಟ್ಟುಕೊಂಡಿರುವ ಕೋಷ್ಟಕಕ್ಕೆ ಹೋಲಿಸಿ ನೋಡಿದಾಗ ಬಂದ ಉತ್ತರ 1940ರ ದಶಕ. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದ ಕಾಗದವನ್ನೂ ಬಿಡಿಸಿದೆವು. ಅದರಲ್ಲಿ ಕಂಪನಿಯ ವಿಳಾಸವಿತ್ತು, ನಮ್ಮ ಪಿನ್ ಕೋಡಿನಂಥ ಜಿಪ್ ಕೋಡ್ ಇರಲಿಲ್ಲ. ಅಮೆರಿಕದಲ್ಲಿ ಜಿಪ್ ಕೋಡ್ ಜಾರಿಗೆ ಬಂದದ್ದೇ 1963ರಲ್ಲಿ. ರೀಲು ಒಂದು ಮಾತು, ಕಾಗದ ಇನ್ನೊಂದು ಮಾತು ಹೇಳದೆ ಎರಡೂ ತಾಯಿಯ ಮಾತನ್ನೇ ಹೇಳಿದವು.

ಆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ರೀಲಿನ ಎಡಪಕ್ಕದ ತಟ್ಟೆಯಲ್ಲಿ, ಗಾಳ ಹಿಡಿಯುವವನ ಅಂಗೈ ಒರಗುವ ಕಡೆ, ಮೇಲಿನ ಲೇಪ ಸವೆದು ಒಳಗಿನ ಲೋಹ ಕಾಣುತ್ತಿತ್ತು. ಅವರು ತಮ್ಮ ಅಂಗೈಯನ್ನು ಸರಿಯಾಗಿ ಅಲ್ಲಿಯೇ ಒತ್ತಿ ಹಿಡಿದುಕೊಂಡು ಕುಳಿತಿದ್ದರು. ಆಮೇಲೆ ಬೆಲೆಯ ಮಾತು ಬರಲಿಲ್ಲ.

ಸಮಯ ಕಡಿಮೆಯಿರುವುದರಿಂದ ಉಳಿದ ಗುರುತುಗಳನ್ನು ಬೇಗ ಹೇಳುತ್ತೇನೆ. ದೇಶದ ಹೆಸರನ್ನು ನೋಡಿ. ಹೊರದೇಶದ ಸಾಮಾನಿನ ಮೇಲೆ ದೇಶದ ಹೆಸರಿರಲೇಬೇಕು ಎಂಬ ಅಮೆರಿಕದ ಕಾನೂನು 1891ರಲ್ಲಿ ಜಾರಿಗೆ ಬಂತು, ಆದ್ದರಿಂದ ಅಂಥ ಹೆಸರಿದ್ದರೆ ರೀಲು ಸಾಮಾನ್ಯವಾಗಿ ಅದರ ಈಚಿನದು. ಆಕ್ಯುಪೈಡ್ ಜಪಾನ್, ಅಂದರೆ ಪರರ ವಶದಲ್ಲಿದ್ದ ಜಪಾನ್, ಎಂದಿದ್ದರೆ ಅದು 1945ರಿಂದ 1952ರ ನಡುವಿನದು. ವೆಸ್ಟ್ ಜರ್ಮನಿ ಎಂದಿದ್ದರೆ 1949ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಕಂಪನಿಯ ಹೆಸರನ್ನು ನೋಡಿ. ಇಂದು ಜೆಬ್ಕೋ ಎಂದು ಹೆಸರಾದ ಕಂಪನಿ ಮೊದಲು ತೈಲಬಾವಿಗಳಿಗೆ ಬಾಂಬು ತಯಾರಿಸುತ್ತಿದ್ದ ಜೀರೋ ಅವರ್ ಬಾಂಬ್ ಕಂಪನಿಯಾಗಿತ್ತು. 1949ರಲ್ಲಿ ರೀಲು ತಯಾರಿಸಲು ಆರಂಭಿಸಿ, 1956ರಲ್ಲಿ ಹೆಸರು ಬದಲಿಸಿಕೊಂಡಿತು. ರೀಲಿನ ಪಾದದಲ್ಲಿ, ಅಂದರೆ ಕೋಲಿಗೆ ಬಿಗಿಯುವ ಭಾಗದಲ್ಲಿ, ಆ ಬಾಂಬ್ ಕಂಪನಿಯ ಹೆಸರು ಸಿಕ್ಕಿದರೆ ಆ ಏಳೆಂಟು ವರ್ಷಗಳಾಚೆ ಹುಡುಕಬೇಕಾಗಿಯೇ ಇಲ್ಲ.

ಇನ್ನು ವಸ್ತು. ಬೇಕಲೈಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಲೋಕಕ್ಕೆ ಪರಿಚಯವಾದದ್ದು 1909ರಲ್ಲಿ. ರೀಲಿನ ಮೈ ಹಿತ್ತಾಳೆಯದಾಗಿದ್ದು, ಪೇಟೆಂಟ್ ದಿನಾಂಕ 1880ರ ದಶಕದ್ದಾಗಿದ್ದರೂ, ಹಿಡಿಕೆಯ ಗುಂಡಿ ಬೇಕಲೈಟ್ ಆಗಿದ್ದರೆ ನಿಲ್ಲಿ, ಯೋಚಿಸಿ. ಗುಂಡಿ ಮೂಲದ್ದಾದರೆ ರೀಲು 1909ರ ಈಚಿನದು. ಗುಂಡಿಯನ್ನು ಆಮೇಲೆ ಯಾರೋ ಬದಲಿಸಿದ್ದಾದರೆ ಅಲ್ಲಿನ ತಿರುಪಿನ ಗೀರು ಹರಿದು ಹಾಳಾಗಿರುತ್ತದೆ, ಮಿಕ್ಕ ತಿರುಪುಗಳ ಬಣ್ಣಕ್ಕೂ ಅದರ ಬಣ್ಣಕ್ಕೂ ಹೊಂದಿಕೆಯಿರುವುದಿಲ್ಲ. ಕಪ್ಪು ತಟ್ಟೆಯನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿ. ಗಂಧಕದ ವಾಸನೆ ಬಂದರೆ ಅದು ಗಟ್ಟಿ ರಬ್ಬರು, ಬೇಕಲೈಟಿಗಿಂತ ಹಳೆಯ ವಸ್ತು. ಬೆಳ್ಳಿಯಂತೆ ಕಾಣುವ ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿಯ ಅಂಶವೇ ಇಲ್ಲ, ಅದು ತಾಮ್ರ, ನಿಕಲ್, ಸತುಗಳ ಮಿಶ್ರಲೋಹ.

ಇಂಗ್ಲೆಂಡಿನ ಆನಿಕ್ ಊರಿನ ಹಾರ್ಡಿ ಕಂಪನಿಯ ಪರ್ಫೆಕ್ಟ್ ರೀಲಿನ ಬಗ್ಗೆಯೇ ಒಂದು ಗಂಟೆ ಮಾತಾಡಬಹುದಿತ್ತು. ಒಂದೇ ಹೆಸರಿನಲ್ಲಿ ದಶಕಗಳ ಕಾಲ ತಯಾರಾದ ರೀಲು ಅದು; ಹೊರಗಿನಿಂದ ನೋಡಿ ವಯಸ್ಸು ಹೇಳುವುದು ಕಷ್ಟ. ದಾರ ಸುತ್ತಿಕೊಳ್ಳುವ ಉರುಳೆಯಾದ ಸ್ಪೂಲನ್ನು ಹೊರತೆಗೆದು, ಕಟಕಟ ಸದ್ದು ಮಾಡುತ್ತ ದಾರವನ್ನು ತಡೆಯುವ ಒಳಗಿನ ಚೆಕ್ ಎಂಬ ಭಾಗವನ್ನು ನೋಡಬೇಕು. 1912ರಲ್ಲಿ ಅದರ ರೂಪ ಬೇರೆ, 1917ರಲ್ಲಿ ಬೇರೆ. ಇಲ್ಲಿಯೂ ಅದೇ ಮಾತು, ಹೆಸರಲ್ಲ, ಈಚಿನ ಭಾಗ.

ಕಡೆಯದಾಗಿ ಒಂದು ವಿನಂತಿ, ದಯವಿಟ್ಟು ಪಾಲಿಶ್ ಮಾಡಬೇಡಿ. ಉಜ್ಜಿದಾಗ ಹಿತ್ತಾಳೆಯ ಮೇಲಿನ ಕಂದು ಬಣ್ಣದ ಜೊತೆಗೆ ನವಿರಾಗಿ ಕೆತ್ತಿದ ಅಕ್ಷರಗಳೂ ಸವೆಯುತ್ತವೆ, ಬದಲಿಸಿದ ತಿರುಪು ಯಾವುದು, ಮೂಲದ್ದು ಯಾವುದು ಎಂದು ಹೇಳುವ ಬಣ್ಣದ ವ್ಯತ್ಯಾಸವೂ ಅಳಿಸಿಹೋಗುತ್ತದೆ. ಮೆತ್ತನೆಯ ಬಟ್ಟೆಗೆ ಒಂದು ಹನಿ ತೆಳು ಎಣ್ಣೆ ಹಾಕಿ ಒರೆಸಿ, ಆಮೇಲೆ ಭೂತಗನ್ನಡಿ ಹಿಡಿದು ಪಾದದ ಅಡಿಯಿಂದ ಓದಲು ಆರಂಭಿಸಿ.

ನಮಸ್ಕಾರ.