ಬೇಸಿಗೆ ಗಾಳಿಮಳೆ ಹೊಡೆದ ಮರುದಿನ ಸೋಮವಾರಪೇಟೆ ಹೇಗಿರುತ್ತೆ?

[ದೃಶ್ಯ: ರಸ್ತೆಗೆ ಅಡ್ಡ ಬಿದ್ದ ಸಿಲ್ವರ್ ಓಕ್ ಮರ. ಮಶಿನ್ ಗರಗಸದ ಸದ್ದು.]

ಉತ್ತರ ಕೊಡಗಿನ ಸೋಮವಾರಪೇಟೆ. ಮಾರ್ಚ್ ಕೊನೆ. ಹಿಂದಿನ ಸಂಜೆ ಜೋರು ಗಾಳಿ ಹೊಡೆದಿದೆ. ಕರೆಂಟಿಲ್ಲ, ಅಲ್ಲಲ್ಲಿ ಮರ ಬಿದ್ದಿದೆ. ಆದರೆ ಹೋಟೆಲಲ್ಲಿ ಕೂತವರು ಒಬ್ಬರನ್ನೊಬ್ಬರು ಮೊದಲು ಕೇಳುವುದು ಅದನ್ನಲ್ಲ. "ನಿಮ್ಮ ಕಡೆ ಎಷ್ಟು ಸೆಂಟು ಬಂತು?"

ಕಾಫಿ ತೋಟದವರು ಮಳೆ ಅಳೆಯುವುದು ಸೆಂಟಿನಲ್ಲಿ. 100 ಸೆಂಟಿಗೆ ಒಂದು ಇಂಚು. ಸ್ಪ್ರಿಂಕ್ಲರ್ ಹಾಕುವವರನ್ನು ಬಿಟ್ಟರೆ ಉಳಿದವರೆಲ್ಲ ಕಾಯುವುದು ಈ ಹೂಮಳೆಗೇ. ಹೆಚ್ಚುಕಮ್ಮಿ ಒಂದು ಇಂಚು ಬಿದ್ದರೆ ಕಾಫಿ ಮೊಗ್ಗು ಚೆನ್ನಾಗಿ ಅರಳುತ್ತೆ. ಬರೀ 20 ಸೆಂಟು ಬಿದ್ದು ನಿಂತುಬಿಟ್ಟರೆ? ಮೊಗ್ಗು ಅರೆಬರೆ ಬಿಚ್ಚಿ ಕೆಡುತ್ತೆ. ಹಾಗಾಗಿ ಹೆಂಚು ಹಾರಿದ ಮನೆಯವರೂ ಮಳೆ ಬಂತಲ್ಲ ಅಂತ ಖುಷಿಯಾಗಿರುವುದನ್ನು ನೋಡಬಹುದು.

[ದೃಶ್ಯ: ಮಧ್ಯಾಹ್ನ ಬೆಟ್ಟದ ಮೇಲೆ ಎದ್ದು ನಿಂತ ಮೋಡ]

ಮಳೆ ಬೇಕು ಸರಿ, ಗಾಳಿ ಯಾಕೆ? ಬೆಳಗ್ಗೆಯಿಂದ ನೆಲ ಬಿಸಿಲಿಗೆ ಕಾದು ಬಿಸಿಯಾಗುತ್ತೆ. ಅರಬ್ಬಿ ಸಮುದ್ರದ ಕಡೆಯಿಂದ ಬಂದ ತೇವದ ಗಾಳಿ ಬೆಟ್ಟ ಹತ್ತಿ ಮೇಲೇರುತ್ತೆ, ಮಧ್ಯಾಹ್ನದ ಹೊತ್ತಿಗೆ ದೊಡ್ಡ ಮೋಡ ಕಟ್ಟುತ್ತೆ. ಅದರೊಳಗಿನ ಮಳೆಹನಿ ಬೀಳುತ್ತಾ ಅರ್ಧ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡುತ್ತೆ. ತಣ್ಣಗಾದ ಗಾಳಿ ಭಾರ. ದೊಪ್ಪನೆ ಕೆಳಗೆ ಬಿದ್ದು ನಾಲ್ಕೂ ಕಡೆ ನುಗ್ಗುತ್ತೆ. ಮಳೆಗಿಂತ ಮೊದಲು ಮುಖಕ್ಕೆ ತಣ್ಣನೆ ಗಾಳಿ ಹೊಡೆಯುತ್ತಲ್ವಾ, ಅದೇ ಇದು.

[ದೃಶ್ಯ: ಮುರಿದ ಕಾಂಡ, ಹತ್ತಿರದಿಂದ]

ಈ ಮರ ನೋಡಿ. ಬುಡ ಅಲುಗಿಲ್ಲ, ನಡುವಿನಲ್ಲಿ ಸೀಳಿದೆ. ಕಾಫಿ ತೋಟದಲ್ಲಿ ನೆರಳಿಗೆ ನೆಡುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತೆ, ನೆಟ್ಟಗೆ ಹೋಗುತ್ತೆ, ಆದರೆ ಗಾಳಿಗೆ ಸುಲಭವಾಗಿ ಮುರಿಯುತ್ತೆ. ಕಾಂಡದ ಸುತ್ತ ಹಸಿರಾಗಿ ಕಾಣುತ್ತಿರುವುದು ಕರಿಮೆಣಸಿನ ಬಳ್ಳಿ. ಮರದ ಜೊತೆ ಅದೂ ಹೋಯಿತು. ಹೊಸ ಬಳ್ಳಿ ಹಬ್ಬಿಸಿದರೆ ಫಸಲಿಗೆ ಮೂರ್ನಾಲ್ಕು ವರ್ಷ ಬೇಕು. ಕೆಳಗೆ ಸಿಕ್ಕಿಕೊಂಡ ಕಾಫಿ ಗಿಡದ ಲೆಕ್ಕ ಬೇರೆ. ಇದನ್ನು ಹಿನ್ನೆಲೆಗಿಟ್ಟುಕೊಂಡು ಸೆಲ್ಫಿ ತೆಗೆಯುವವರನ್ನು ಕಂಡರೆ ನನಗಂತೂ ಮುಜುಗರ.

ಇಂಥ ಹೊತ್ತಲ್ಲಿ ಹೋಗುವವರಿಗೆ ಎರಡು ಮಾತು. ನಗದು ಇಟ್ಟುಕೊಳ್ಳಿ, ಟವರ್ ಬ್ಯಾಟರಿ ಮುಗಿದರೆ ಫೋನ್‌ಪೇ ನಡೆಯಲ್ಲ. ತಂತಿ ಕೆಳಗೆ ಬಿದ್ದಿದ್ದರೆ ಕರೆಂಟ್ ಹೋಗಿದೆ ಅಂದುಕೊಂಡು ದಾಟಬೇಡಿ, ಲೈನ್‌ಮನ್ ಬರಲಿ. ಕರೆಂಟ್ ಸಹಾಯವಾಣಿ 1912ಕ್ಕೆ ಕರೆ ಮಾಡಬಹುದು. ಹತ್ತಿರದ ಮಲ್ಲಳ್ಳಿ ಜಲಪಾತ ತುಂಬಿರುತ್ತೆ ಅಂತ ಓಡಬೇಡಿ, ಒಂದು ಬೇಸಿಗೆ ಮಳೆಗೆ ಅದು ತುಂಬಲ್ಲ. ಅದನ್ನು ನೋಡುವುದಕ್ಕೆ ಮಳೆಗಾಲವೇ ಬೇಕು.

[ದೃಶ್ಯ: ಬಿಳಿ ಹೂ ಮುಚ್ಚಿದ ಕಾಫಿ ಗಿಡ]

ನನ್ನ ಕೇಳಿದರೆ ಮರುದಿನ ಹೋಗಲೇಬೇಡಿ, ಎಂಟು ಹತ್ತು ದಿನ ಬಿಟ್ಟು ಹೋಗಿ. ಅಷ್ಟರಲ್ಲಿ ಕರೆಂಟ್ ಬಂದಿರುತ್ತೆ, ರಸ್ತೆ ತೆರವಾಗಿರುತ್ತೆ, ತೋಟ ಪೂರ್ತಿ ಬೆಳ್ಳಗಾಗಿ ಘಮಘಮ ಅಂತಿರುತ್ತೆ. ಹೂ ಉಳಿಯುವುದು ಎರಡು ಮೂರು ದಿನ ಅಷ್ಟೇ. ಹೋಂಸ್ಟೇಗೆ ಫೋನ್ ಮಾಡಿದಾಗ "ರೂಮ್ ಇದೆಯಾ" ಅನ್ನುವ ಮೊದಲು "ಮಳೆ ಯಾವತ್ತು ಬಂತು, ಎಷ್ಟು ಸೆಂಟು" ಅಂತ ಕೇಳಿ. ಅದರ ಮೇಲೆ ದಿನ ಗೊತ್ತು ಮಾಡಿಕೊಳ್ಳಿ.