ಬೀಗದ ಕೈ ಸಮುದ್ರದ ಹತ್ತಿರ

ಕೇಳುಗರಿಗೆ ನಮಸ್ಕಾರ.

ದಿಲ್ಲಿಯ ರಾಷ್ಟ್ರಪತಿ ಭವನವನ್ನು ಚಿತ್ರದಲ್ಲಾದರೂ ನೋಡದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಅದರ ನಕ್ಷೆ ಬರೆದ ಎಡ್ವಿನ್ ಲಟ್ಯೆನ್ಸ್ ದಿಲ್ಲಿಗೆ ಬರುವ ಮೊದಲೇ ಇಂಗ್ಲೆಂಡಿನ ಒಂದು ಪುಟ್ಟ ದ್ವೀಪದಲ್ಲಿ ಹಳೆಯ ಕೋಟೆಯೊಂದನ್ನು ವಾಸದ ಮನೆಯನ್ನಾಗಿ ಮಾಡಿದ್ದರು. ಆ ದ್ವೀಪದ ಹೆಸರು ಲಿಂಡಿಸ್‌ಫಾರ್ನ್. ಅಲ್ಲಿಯವರು ಅದನ್ನು ಹೋಲಿ ಐಲೆಂಡ್ ಅನ್ನುತ್ತಾರೆ, ಅಂದರೆ ಪವಿತ್ರ ದ್ವೀಪ. ಈ ಊರಿನ ಮಾತೆತ್ತಿದರೆ ಸಾಕು, ಎಲ್ಲರೂ ಕೇಳುವುದು ಕೋಟೆಯನ್ನೇ. ಯಾವ ರಾಜ ಕಟ್ಟಿಸಿದ, ಎಷ್ಟು ಯುದ್ಧ ನಡೆಯಿತು, ಎಷ್ಟು ಜನ ಸತ್ತರು. ಹೇಳುತ್ತೇನೆ, ಸ್ವಲ್ಪ ತಾಳಿ. ಅದಕ್ಕೂ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಈ ಊರಿನ ಬೀಗದ ಕೈ ಕೋಟೆಯವರ ಹತ್ತಿರ ಯಾವತ್ತೂ ಇರಲಿಲ್ಲ. ಅದು ಸಮುದ್ರದ ಹತ್ತಿರ ಇದೆ.

ಹೇಗೆ ಅಂತೀರಾ? ಇಂಗ್ಲೆಂಡಿನ ಈಶಾನ್ಯ ಕರಾವಳಿ, ನಾರ್ತಂಬರ್ಲೆಂಡ್ ಪ್ರಾಂತ್ಯ, ಸ್ಕಾಟ್ಲೆಂಡಿನ ಗಡಿಗೆ ತೀರ ಸಮೀಪ. ದಡದಿಂದ ನೋಡಿದರೆ ದ್ವೀಪ ಅಲ್ಲೇ ಎದುರಿಗೆ ಕಾಣುತ್ತದೆ. ಸಮುದ್ರ ಇಳಿದಾಗ ನಡುವೆ ನೀರೇ ಇಲ್ಲ, ಬರೀ ಮರಳು, ಕೆಸರು. ನಡೆದೇ ಹೋಗಬಹುದು. ಉಬ್ಬರ ಬಂತೆಂದರೆ ಅದೇ ಜಾಗದಲ್ಲಿ ಆಳೆತ್ತರಕ್ಕೂ ಮಿಗಿಲಾದ ನೀರು. ದಿನಕ್ಕೆ ಎರಡು ಸಲ ಇದು ದ್ವೀಪ, ಎರಡು ಸಲ ಅಲ್ಲ. ಯಾತ್ರಿಕರು ನಡೆಯುವ ದಾರಿಯುದ್ದಕ್ಕೂ ಮರಳಿನಲ್ಲಿ ಕಂಬ ನೆಟ್ಟಿದ್ದಾರೆ, ಸುಮಾರು ಐದು ಕಿಲೋಮೀಟರ್. ಈಗಲೂ ಬರಿಗಾಲಲ್ಲಿ ಆ ಕಂಬಗಳ ಗುರುತು ಹಿಡಿದು ನಡೆಯುವವರಿದ್ದಾರೆ. ವಾಹನಗಳಿಗೆ ಡಾಂಬರು ರಸ್ತೆ ಬಂದದ್ದು 1954ರಲ್ಲಿ. ರಸ್ತೆ ಬಂದರೂ ಸಮುದ್ರ ತನ್ನ ಪಾಡಿಗೆ ಅದರ ಮೇಲೆ ಹತ್ತಿ ಇಳಿಯುತ್ತದೆ.

ಊರಿನ ಕಥೆ 635ರಲ್ಲಿ ಶುರುವಾಗುತ್ತದೆ. ನಾರ್ತಂಬ್ರಿಯದ ರಾಜ ಆಸ್ವಾಲ್ಡ್, ಸ್ಕಾಟ್ಲೆಂಡಿನ ಅಯೋನಾ ದ್ವೀಪದಿಂದ ಐಡನ್ ಎಂಬ ಕ್ರೈಸ್ತ ಸನ್ಯಾಸಿಯನ್ನು ಕರೆಸಿ, ಇಷ್ಟವಾದ ಕಡೆ ಮಠ ಕಟ್ಟಿಕೊಳ್ಳಿ ಎಂದ. ಐಡನ್ ಆರಿಸಿದ್ದು ಇದನ್ನೇ. ಬುದ್ಧಿವಂತ! ರಾಜನ ಊರಾದ ಬ್ಯಾಂಬರ್ಗ್ ಕಣ್ಣಳತೆಯಲ್ಲೇ ಇದೆ, ಬೇಕಾದಾಗ ಹೋಗಿ ಬರಬಹುದು. ಬೇಡವಾದಾಗ ಸಮುದ್ರವೇ ಬಾಗಿಲು ಹಾಕುತ್ತದೆ. ಧ್ಯಾನಕ್ಕೆ ಇದಕ್ಕಿಂತ ಒಳ್ಳೆಯ ಕಾವಲುಗಾರ ಯಾರು ಸಿಗುತ್ತಾರೆ? ಆಮೇಲೆ ಬಂದ ಕತ್‌ಬರ್ಟ್ ಎಂಬ ಸನ್ಯಾಸಿಗೆ ಅಷ್ಟು ಏಕಾಂತವೂ ಸಾಲದೆ ಇನ್ನೂ ಆಚೆಯ ಬಂಡೆ ದ್ವೀಪಕ್ಕೆ ಹೋಗಿ ಕೂತರು, 687ರಲ್ಲಿ ಅಲ್ಲೇ ತೀರಿಕೊಂಡರು. ಅವರ ನೆನಪಿಗೆಂದು, 700ರ ಆಸುಪಾಸಿನಲ್ಲಿ, ಈಡ್‌ಫ್ರಿತ್ ಎಂಬ ಬಿಷಪ್ ಕರುವಿನ ಚರ್ಮದ ಹಾಳೆಗಳ ಮೇಲೆ ನಾಲ್ಕು ಸುವಾರ್ತೆಗಳನ್ನು, ಅಂದರೆ ಬೈಬಲ್ಲಿನ ಯೇಸುವಿನ ಕಥೆಗಳನ್ನು, ಬರೆದು ಚಿತ್ರಿಸಿದರು. ಒಬ್ಬನೇ ಮನುಷ್ಯನ ಕೈ! ಆ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇದೊಂದರ ಬಗ್ಗೆಯೇ ಇಡೀ ಭಾಷಣ ಮಾಡಬಹುದು, ಆದರೆ ನನಗೆ ಕೊಟ್ಟಿರುವ ಸಮಯ ನಿಮಗೆ ಗೊತ್ತೇ ಇದೆ.

793ರಲ್ಲಿ ವೈಕಿಂಗರು, ಅಂದರೆ ಉತ್ತರದ ಕಡಲುಗಳ್ಳರು, ಬಂದರು. ಆಗ ಸಮುದ್ರ ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಸಮುದ್ರ ಬಾಗಿಲು ಹಾಕುವುದು ನಡೆದು ಬರುವವರಿಗೆ. ಹಡಗಿನಲ್ಲಿ ಬರುವವರಿಗೆ ಅದೇ ನೀರು ಹೆದ್ದಾರಿ. ಸನ್ಯಾಸಿಗಳು ನೆಲದ ಕಡೆ ಮುಖ ಮಾಡಿ ನಿಶ್ಚಿಂತೆಯಿಂದ ಇದ್ದರು, ಕಳ್ಳ ಬಂದದ್ದು ಬೆನ್ನ ಕಡೆಯಿಂದ. ಮಠ ಲೂಟಿಯಾಯಿತು. 875ರಲ್ಲಿ ಉಳಿದವರು ಕತ್‌ಬರ್ಟ್ ಅವರ ಶವಪೆಟ್ಟಿಗೆ ಹೊತ್ತುಕೊಂಡು ದ್ವೀಪ ಬಿಟ್ಟರು. ಅಲೆದಲೆದು ಆ ಪೆಟ್ಟಿಗೆ ಕೊನೆಗೆ ದಕ್ಷಿಣದ ಡರಮ್ ಊರು ಸೇರಿತು. ಮುಂದೆ ಅದೇ ಡರಮ್‌ನ ಸನ್ಯಾಸಿಗಳು ಬಂದು ದ್ವೀಪದಲ್ಲಿ ಮತ್ತೆ ಮಠ ಕಟ್ಟಿದರು. ಅದನ್ನು 1537ರಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಮುಚ್ಚಿಸಿದ.

ಈಗ ನಿಮ್ಮ ಕೋಟೆ. ಹದಿನಾರನೇ ಶತಮಾನದ ನಡುವೆ, ಸ್ಕಾಟ್ಲೆಂಡಿನವರ ಭಯದಿಂದ, ದ್ವೀಪದ ಕಪ್ಪು ಬಂಡೆಯ ನೆತ್ತಿಯ ಮೇಲೆ ಕಟ್ಟಿದರು. ಕಲ್ಲು ಎಲ್ಲಿಂದ ತಂದರು? ಮುಚ್ಚಿಸಿದ ಮಠದಿಂದಲೇ ಕಿತ್ತು ತಂದರು. ದೇವರ ಮನೆಯ ಕಲ್ಲು ತೋಪಿನ ಮನೆಗೆ. ಅಷ್ಟೆಲ್ಲ ಕಷ್ಟಪಟ್ಟು ಕಟ್ಟಿದ್ದಕ್ಕೆ, 1603ರಲ್ಲಿ ಸ್ಕಾಟ್ಲೆಂಡಿನ ರಾಜ ಜೇಮ್ಸನೇ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿಬಿಟ್ಟ! ಯಾರಿಂದ ಕಾಯಬೇಕಿತ್ತೋ ಅವನೇ ಧಣಿ. ಅಲ್ಲಿಂದ ಮುಂದೆ ಕಾವಲಿನವರಿಗೆ ಕೆಲಸವೇ ಕಡಿಮೆ. ಆಕಳಿಸುತ್ತಾ ಸಮುದ್ರ ನೋಡುವುದು, ಮೀನು ತಿನ್ನುವುದು.

ಈ ಕೋಟೆಯ ಅತಿ ದೊಡ್ಡ ಯುದ್ಧ ಹೇಗಾಯಿತು ಎಂದು ಕೇಳಿ. ಇದನ್ನು ಹೇಳದೆ ನಾನು ಇಲ್ಲಿಂದ ಏಳುವವನಲ್ಲ.

1715. ಜಾರ್ಜ್ ರಾಜ ಪಟ್ಟಕ್ಕೆ ಬಂದು ಒಂದು ವರ್ಷ. ಪಟ್ಟ ತನ್ನದೆನ್ನುವ ಜೇಮ್ಸ್ ಸ್ಟುವರ್ಟ್ ದೇಶದ ಹೊರಗಿದ್ದಾನೆ, ಅವನ ಕಡೆಯವರು ಉತ್ತರದಲ್ಲಿ ದಂಗೆ ಎದ್ದಿದ್ದಾರೆ. ಅವರಿಗೆ ಹಡಗಿನಲ್ಲಿ ನೆರವು ಬರಬೇಕು, ಬರುವ ಹಡಗಿಗೆ ಗುರುತು ತೋರಿಸಲು ದಡದಲ್ಲೊಂದು ನೆಲೆ ಬೇಕು. ಲ್ಯಾನ್ಸ್‌ಲಾಟ್ ಎರಿಂಗ್ಟನ್ ಎಂಬ ಹಡಗಿನವನ ಕಣ್ಣು ಈ ಕೋಟೆಯ ಮೇಲೆ ಬಿತ್ತು. ಅಕ್ಟೋಬರ್ 10ನೇ ತಾರೀಕು, ಕೋಟೆಯಲ್ಲಿ ಕಾವಲಿನವರು ಇದ್ದದ್ದೇ ಬೆರಳೆಣಿಕೆ, ಅವರಲ್ಲೂ ಹೆಚ್ಚಿನವರು ಆ ಹೊತ್ತಿಗೆ ಹೊರಗೆ ಹೋಗಿದ್ದರು. ಒಳಗಿದ್ದ ಗೋಲಂದಾಜನಿಗೆ, ಅಂದರೆ ತೋಪು ಹಾರಿಸುವವನಿಗೆ, ಇನ್ನೊಂದು ಕಸುಬೂ ಇತ್ತು: ಕ್ಷೌರ. ಸಂಬಳ ಸಾಲದವರು ಎಲ್ಲ ಕಾಲದಲ್ಲೂ ಹೀಗೇ.

ಎರಿಂಗ್ಟನ್ ನೇರವಾಗಿ ಮೇಲೆ ಹತ್ತಿ ಬಂದು, ‘ಗಡ್ಡ ಬೋಳಿಸಿಕೊಳ್ಳಬೇಕಿತ್ತಲ್ಲ’ ಅಂದ. ಗೋಲಂದಾಜ ಕೂರಿಸಿದ, ನೊರೆ ಹಚ್ಚಿದ, ಕತ್ತಿ ಆಡಿಸಿದ. ಯೋಚನೆ ಮಾಡಿ, ಶತ್ರುವಿನ ಕುತ್ತಿಗೆಯ ಮೇಲೆ ಕತ್ತಿ ಇದೆ, ಕತ್ತಿ ಹಿಡಿದವನಿಗೆ ಗೊತ್ತಿಲ್ಲ! ನುಣ್ಣಗೆ ಬೋಳಿಸಿ ಕಳಿಸಿದ. ಎರಿಂಗ್ಟನ್ ಬಂದದ್ದು ಒಳಗೆ ಎಷ್ಟು ಜನ ಇದ್ದಾರೆ ಎಂದು ಎಣಿಸಲಿಕ್ಕೆ. ಸ್ವಲ್ಪ ಹೊತ್ತಿಗೆ ಸೋದರಳಿಯ ಮಾರ್ಕ್‌ನನ್ನೂ ಕರೆದುಕೊಂಡು ವಾಪಸು ಬಂದ. ‘ನನ್ನ ಗಡಿಯಾರದ ಕೀ ಇಲ್ಲೇ ಎಲ್ಲೋ ಬಿತ್ತು’ ಅಂದ. ಆಗಿನ ಗಡಿಯಾರಕ್ಕೆ ಕೀಲಿ ಕೊಡುವ ಪುಟ್ಟ ಕೈ ಬೇರೆಯೇ ಇರುತ್ತಿತ್ತು. ಪಾಪ, ಬನ್ನಿ ಹುಡುಕೋಣ ಎಂದು ಒಳಗೆ ಬಿಟ್ಟರು. ಒಳಗೆ ಬಂದದ್ದೇ ತಡ, ಪಿಸ್ತೂಲು ಹೊರಗೆ. ಎರಡು ಜನ, ಒಂದು ಕೋಟೆ. ಮುಗಿಯಿತು ಯುದ್ಧ.

ಬಾವುಟ ಏರಿಸಿದರು, ಹಡಗಿನ ದಾರಿ ಕಾದರು. ಹಡಗು ಬರಲಿಲ್ಲ. ಮಾರನೆಯ ದಿನ ಹತ್ತಿರದ ಗಡಿಯೂರು ಬರ್ವಿಕ್‌ನಿಂದ ಸೈನಿಕರು ಬಂದರು, ಮರಳು ದಾಟಿಕೊಂಡು. ಮಾವ ಅಳಿಯ ಇಬ್ಬರೂ ಗೋಡೆ ಇಳಿದು, ಬಂಡೆಗಳ ನಡುವೆ ಪಾಚಿಯ ಮರೆಯಲ್ಲಿ ಅಡಗಿದರು. ಕತ್ತಲಾದ ಮೇಲೆ ಈಜಿ ದಡ ಸೇರುವ ಲೆಕ್ಕಾಚಾರ. ಇಲ್ಲಿದೆ ನೋಡಿ ನನ್ನ ಮಾತು! ಕೋಟೆಯನ್ನು ಗಡ್ಡ ಬೋಳಿಸಿಕೊಂಡು ಗೆದ್ದವನನ್ನು ಹಿಡಿದುಕೊಟ್ಟದ್ದು ಉಬ್ಬರ. ಕತ್ತಲಾಗುವ ಮೊದಲೇ ನೀರು ಏರಿತು, ಅಡಗಿದ್ದ ಜಾಗ ಬಿಟ್ಟು ಬೆಳಕಿನಲ್ಲೇ ನೀರಿಗೆ ಬೀಳಬೇಕಾಯಿತು, ಸೈನಿಕರ ಕಣ್ಣಿಗೆ ಬಿದ್ದರು. ಎರಿಂಗ್ಟನ್ ತೊಡೆಗೆ ಗುಂಡು ತಗುಲಿತು ಎನ್ನುತ್ತವೆ ಹಳೆಯ ವೃತ್ತಾಂತಗಳು. ಬರ್ವಿಕ್ ಸೆರೆಮನೆಗೆ ಹಾಕಿದರೆ ಅಲ್ಲೂ ನೆಲ ತೋಡಿ ತಪ್ಪಿಸಿಕೊಂಡ, ಬ್ಯಾಂಬರ್ಗ್ ಹತ್ತಿರ ಬಟಾಣಿ ಬಣವೆಯೊಳಗೆ ಒಂಬತ್ತು ದಿನ ಬಚ್ಚಿಟ್ಟುಕೊಂಡ, ಮುಂದೆ ಕ್ಷಮಾದಾನವೂ ಸಿಕ್ಕಿತು. ಇಷ್ಟು ಪಾಡುಪಟ್ಟವನ ಹೆಸರಿನಲ್ಲಿ ಒಂದು ರಾಜ್ಯವೇ ಇರಬೇಕಿತ್ತು. ನ್ಯೂಕಾಸಲ್‌ನಲ್ಲಿ ಹೆಂಡದಂಗಡಿ ಇಟ್ಟನಂತೆ.

ಅಯ್ಯೋ, ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ಉಳಿದದ್ದನ್ನು ಓಡಿಸಿಬಿಡುತ್ತೇನೆ.

1860ರ ದಶಕದಲ್ಲಿ ಕೋಟೆಯ ಪಕ್ಕದಲ್ಲೇ ಸುಣ್ಣದ ಗೂಡುಗಳು ಬಂದವು. ಕಲ್ಲು ದ್ವೀಪದ್ದೇ, ಕಲ್ಲಿದ್ದಲು ಹಡಗಿನಲ್ಲಿ ಬರುತ್ತಿತ್ತು, ಸುಣ್ಣ ಹಡಗಿನಲ್ಲಿ ಹೋಗುತ್ತಿತ್ತು. ಆ ಗೂಡುಗಳು ಈಗಲೂ ನಿಂತಿವೆ. ಹೆರಿಂಗ್ ಮೀನುಗಾರಿಕೆಯೂ ಜೋರಿತ್ತು. ಹಳೆಯ ದೋಣಿಗಳನ್ನು ಬೋರಲು ಹಾಕಿ ಬಲೆ, ಹಗ್ಗ ಇಡುವ ಕೊಟ್ಟಿಗೆ ಮಾಡಿಕೊಂಡಿದ್ದಾರೆ. ನನ್ನ ಕೇಳಿದರೆ ಲಟ್ಯೆನ್ಸ್ ಮಾಡಿದ ಮನೆಗಿಂತ ಅದೇ ಚೆಂದ. 1901ರಲ್ಲಿ ‘ಕಂಟ್ರಿ ಲೈಫ್’ ಪತ್ರಿಕೆಯ ಎಡ್ವರ್ಡ್ ಹಡ್ಸನ್ ಕೋಟೆಯನ್ನು ತನ್ನದಾಗಿಸಿಕೊಂಡು ಲಟ್ಯೆನ್ಸರನ್ನು ಕರೆಸಿದರು. ಗರ್ಟ್ರೂಡ್ ಜೀಕಲ್ ಎಂಬ ತೋಟಗಾರ್ತಿ, ಹಿಂದೆ ಕಾವಲಿನವರು ತರಕಾರಿ ಬೆಳೆಯುತ್ತಿದ್ದ ಜಾಗದಲ್ಲಿ ಪುಟ್ಟ ಹೂದೋಟ ಮಾಡಿದರು. 1944ರಲ್ಲಿ ಕೋಟೆ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಬಂತು. ಇವತ್ತು ಟಿಕೆಟ್ ಕೊಟ್ಟು ನೋಡಬಹುದು.

ಊರಿನಲ್ಲಿ ಈಗ ಇರುವವರು ಇನ್ನೂರು ಜನವೂ ಅಲ್ಲ. ನೋಡಲು ಬರುವವರು ವರ್ಷಕ್ಕೆ ಲಕ್ಷಗಟ್ಟಲೆ. ಪ್ರತಿ ವರ್ಷ ಅವರಲ್ಲಿ ಕೆಲವರು, ಇನ್ನೂ ನೀರು ಬಂದಿಲ್ಲವಲ್ಲ, ದಾಟಿಬಿಡೋಣ ಎಂದು ಕಾರು ಓಡಿಸಿ ನಡುವೆ ಸಿಕ್ಕಿಬೀಳುತ್ತಾರೆ. ಅಂಥವರಿಗೆಂದೇ ರಸ್ತೆಯ ಪಕ್ಕ ಎತ್ತರದ ಕಂಬಗಳ ಮೇಲೆ ಒಂದು ಗುಡಿಸಲು ಕಟ್ಟಿಟ್ಟಿದ್ದಾರೆ. ಕಾರು ಬಿಟ್ಟು ಏಣಿ ಹತ್ತಿ ಅಲ್ಲಿ ಕೂರುವುದು, ಜೀವರಕ್ಷಕ ದೋಣಿ ಬರುವ ತನಕ ತಮ್ಮ ಕಾರು ಮುಳುಗುವುದನ್ನು ನೋಡುವುದು. ದಾರಿಯಲ್ಲಿ ದೊಡ್ಡ ಫಲಕದಲ್ಲಿ ಸಮಯ ಬರೆದು ಹಾಕಿದ್ದರೂ ಹೀಗೆ. ಓದು ಬರುವವರೇ ಸ್ವಾಮಿ, ಎಲ್ಲರೂ!

ಸಮಯ ದಿನದಿನಕ್ಕೂ ಬದಲಾಗುತ್ತದೆ, ಅದು ಗೊತ್ತಿರಲಿ. ಇವತ್ತು ಬೆಳಗ್ಗೆ ಹತ್ತಕ್ಕೆ ರಸ್ತೆ ಮುಚ್ಚಿದರೆ ನಾಳೆ ಹತ್ತೂಮುಕ್ಕಾಲರ ಮೇಲೆ, ನಾಡಿದ್ದು ಇನ್ನೂ ತಡ. ಊರವರು ಅಂಗಡಿ, ಆಸ್ಪತ್ರೆ, ಮದುವೆ ಎಲ್ಲವನ್ನೂ ಉಬ್ಬರದ ಪಟ್ಟಿ ನೋಡಿಯೇ ಇಟ್ಟುಕೊಳ್ಳಬೇಕು. ನಿಮ್ಮಲ್ಲಿ ಯಾರಾದರೂ ಹೋಗುವವರಿದ್ದರೆ ಕೋಟೆಯ ಟಿಕೆಟ್ ಆಮೇಲೆ ತೆಗೆದುಕೊಳ್ಳಿ, ಮೊದಲು ಆ ಪಟ್ಟಿ ನೋಡಿ. ಸಂಜೆ ವಾಪಸು ಬರುವ ಹೊತ್ತನ್ನೂ ಸೇರಿಸಿ ನೋಡಿ, ಅದನ್ನೇ ಎಲ್ಲರೂ ಮರೆಯುವುದು. ನಮಸ್ಕಾರ.