ಹಿತ್ಲಲ್ಲಿ ಕೊಳ ತೋಡೋ ಮುಂಚೆ ಒಂದ್ ಮಳೆಗಾಲ ನೋಡ್ಬಿಡಿ

(ಹಳೇ ಫೋಟೋ: ಗುಂಡೀಲಿ ಕಪ್ಪು ಶೀಟು ಉಬ್ಕೊಂಡಿದೆ)

ನಮಸ್ಕಾರ. ಇದು ಪೂರಿ ಅಲ್ಲ ಮಾರಾಯ್ರೆ, ನಮ್ಮನೆ ಕೊಳ. ಮನೆ ಮೂಡಿಗೆರೆ ಹತ್ರ. ಏಪ್ರಿಲ್‌ನಲ್ಲಿ ಕಿಟ್ ತರಿಸಿ ಕೂರಿಸ್ದೆ, ಜುಲೈನಲ್ಲಿ ಪಾಚಿ ಜಾಸ್ತಿ ಆಯ್ತು ಅಂತ ನೀರೆಲ್ಲ ಖಾಲಿ ಮಾಡಿ ಮಲ್ಕೊಂಡೆ, ಬೆಳಿಗ್ಗೆ ಎದ್ದು ನೋಡಿದ್ರೆ ಹಿಂಗೆ. ಮಳೆಗಾಲದಲ್ಲಿ ನಮ್ ಕಡೆ ಒರತೆ ಏಳುತ್ತಲ್ಲ, ಮೇಲೆ ನೀರಿನ ಭಾರ ಇರೋವರ್ಗೂ ಶೀಟು ಸುಮ್ನಿರುತ್ತೆ, ಭಾರ ತೆಗೆದ್ರೆ ಅಡಿಯಿಂದ ಎತ್ತುತ್ತೆ. ಅದಕ್ಕೆ ಮಳೇಲಿ ಕೊಳ ಪೂರ್ತಿ ಖಾಲಿ ಮಾಡಂಗಿಲ್ಲ, ಹಿತ್ಲಲ್ಲಿ ಎತ್ತರದ ಜಾಗ ನೋಡಿ ತೋಡ್ಬೇಕು, ಇಳಿಜಾರಿದ್ರೆ ಮೇಲ್ಗಡೆ ಒಂದು ಚರಂಡಿ ಹೊಡೀಬೇಕು. ಅರಸೀಕೆರೆ, ಕಡೂರು ಕಡೆಯೋರಿಗೆ ಈ ಕಾಟ ಕಮ್ಮಿ, ಅಲ್ಲಿ ಬೇಸಿಗೇಲಿ ನೀರು ಆರೋದೇ ತಲೆನೋವು.

(ಕಿಟ್ ಬಿಚ್ಚಿ ಹರಡಿರೋದು)

ಕಿಟ್ ಅಂದ್ರೆ ಶೀಟು, ಪಂಪು, ಪೈಪು, ಒಂದು ಫಿಲ್ಟರ್ ಡಬ್ಬ. ಡಬ್ಬದ ಮೇಲಿನ ಫೋಟೋ ನಂಬ್ಬೇಡಿ, ಶೀಟಿನ ಅಳತೆ ನೋಡಿ. ಲೆಕ್ಕ ಸುಲಭ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆ ಅಂತ ಇನ್ನೆರಡು ಅಡಿ ಸೇರಿಸಿ, ಅಗಲಕ್ಕೂ ಹಂಗೇ. 8 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳದ ಕೊಳಕ್ಕೆ 14ಕ್ಕೆ 12 ಅಡಿ ಶೀಟು ಬೇಕು. ನನಗೆ ಬಂದಿದ್ದು 10ಕ್ಕೆ 10, ಇನ್ನೊಂದು ತರಿಸ್ದೆ, ಅದು ಬೇರೆ ಕಥೆ. ಕೃಷಿ ಹೊಂಡಕ್ಕೆ ಹಾಕೋ 500 ಮೈಕ್ರಾನ್ ಶೀಟು ಗಟ್ಟಿ ನಿಜ, ಆದ್ರೆ ಚಿಕ್ಕ ಗುಂಡೀಲಿ ಮೂಲೆಗೆ ಮಡಚೋದು ಕಷ್ಟ, ರಬ್ಬರ್ ಶೀಟು ಚೆನ್ನಾಗಿ ಬಾಗುತ್ತೆ, ರೇಟು ಜಾಸ್ತಿ. ಕಾಫಿ ಕಣಕ್ಕೆ ಹಾಸೋ ಟಾರ್ಪಾಲ್ ಮಾತ್ರ ಬೇಡ, ಬಿಸಿಲಿಗೆ ಪುಡಿಪುಡಿ ಆಗುತ್ತೆ.

(ಗುಂಡಿ)

ಕಲ್ಲು, ಬೇರು ಎಲ್ಲ ಆರಿಸಿ ಎರಡಿಂಚು ಮರಳು ಹಾಕಿ. ಗೋಣಿಚೀಲ ಹಾಸಿದ್ರೆ ಕೊಳೆಯುತ್ತೆ, ಗೆದ್ದಲೂ ಬರುತ್ತೆ, ಅದ್ರ ಬದ್ಲು ಹಳೇ ಫ್ಲೆಕ್ಸ್ ಬ್ಯಾನರ್ ಹಾಸಿ, ಚುನಾವಣೆ ಮುಗಿದ್ಮೇಲೆ ಬೇಕಾದಷ್ಟು ಸಿಗುತ್ತೆ. ಅಂಚು ಸುತ್ತ ಒಂದೇ ಮಟ್ಟ ಇರ್ಬೇಕು, ಗಾರೆಯೋರ ಹತ್ರ ಲೆವೆಲ್ ಪೈಪ್ ಇಸ್ಕೊಳ್ಳಿ, ಕಣ್ಣಂದಾಜು ಸಾಲಲ್ಲ. ಅಂಚು ಅಕ್ಕಪಕ್ಕದ ನೆಲಕ್ಕಿಂತ ಅರ್ಧ ಅಡಿ ಎತ್ತರ ಇರ್ಲಿ, ಇಲ್ದಿದ್ರೆ ತೋಟದ ಗೊಬ್ಬರದ ನೀರೆಲ್ಲ ಒಳಗೆ. ಶೀಟಿನ ಅಂಚು ಈಗ್ಲೇ ಕತ್ತರಿಸ್ಬೇಡಿ, ನೀರು ತುಂಬಿ ಕೂತ್ಮೇಲೆ ಕತ್ತರಿಸಿ.

ಆ ಅಳತೆ ಕೊಳಕ್ಕೆ ಸುಮಾರು 2700 ಲೀಟರ್ ನೀರು ಹಿಡಿಯುತ್ತೆ, ಪಕ್ಕ ಇಳಿಜಾರು ಮಾಡಿದ್ರೆ ಕಮ್ಮಿ. ಎರಡು ಗಂಟೇಲಿ ಒಂದ್ಸಲ ಪೂರ್ತಿ ತಿರುಗಿಸೋ ಪಂಪು ಸಾಕು. ಪಂಪ್ ಮೇಲೆ ಗರಿಷ್ಠ ಎತ್ತರ ಅಂತ ಬರೆದಿರುತ್ತಲ್ಲ, ಆ ಎತ್ತರಕ್ಕೆ ನೀರು ಬರೋದೇ ಇಲ್ಲ, ಅರ್ಧದಷ್ಟು ಅಂತ ಇಟ್ಕೊಳ್ಳಿ. ಕರೆಂಟ್ ವಿಷ್ಯದಲ್ಲಿ ಜುಗ್ಗತನ ಬೇಡ, 30 ಮಿಲಿ ಆಂಪ್‌ದು ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಆಫ್ ಮಾಡೋ ಸ್ವಿಚ್ಚು) ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ.

ನಮ್ಮಮ್ಮ ಎಲ್ಲ ನೋಡಿ ಕೇಳಿದ್ದು ಒಂದೇ, ಸೊಳ್ಳೆ? ಗಪ್ಪಿ ಮೀನು ಬಿಟ್ಟಿದೀನಿ, ಮರಿ ಸೊಳ್ಳೇನ ಅವೇ ತಿನ್ನುತ್ವೆ. ನಲ್ಲಿ ನೀರಾದ್ರೆ ಎರಡು ದಿನ ಬಿಟ್ಟು ಮೀನು ಬಿಡಿ. ಬೇಲಿ ಮೇಲೆ ಮಿಂಚುಳ್ಳಿ ಬಂದು ಕೂರೋಕೆ ಶುರು ಮಾಡಿದ್ರೆ ಮೀನು ಎಣಿಸೋದ್ ಬಿಟ್ಬಿಡಿ.